ಮನೆಯವರಿಗೆ ಕಿಮೋ ನಡೆದಾಗ: ಗಂಡ-ಹೆಂಡತಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹೆಂಡತಿಗೆ ಸ್ತನ ಕ್ಯಾನ್ಸರಿಗೆ ಕಿಮೋ ಆಯಿತು. ನಾವಿರುವುದು ಕಲಬುರಗಿಯಲ್ಲಿ. ಆಮೇಲಿಂದ ಬೀದರ, ಯಾದಗಿರಿ, ಸೇಡಂ, ಆಳಂದ ಕಡೆಯ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಔಷಧ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಮನೆಯಲ್ಲಿ ಏನು ನೋಡಿಕೊಳ್ಳಬೇಕು, ಯಾವಾಗ ದವಾಖಾನೆಗೆ ಓಡಬೇಕು ಅನ್ನುವುದಷ್ಟೇ ಇಲ್ಲಿದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಜ್ವರದ ಪ್ರಶ್ನೆಯನ್ನಾದರೂ ಓದಿ.

ಕಿಮೋ ಅಂದರೆ ಏನು ಮಾಡುತ್ತಾರೆ? ಎಷ್ಟು ದಿನ ನಡೆಯುತ್ತದೆ?

ಹೆಚ್ಚಿನ ಔಷಧ ಸಲೈನ್ ಜೊತೆ ರಕ್ತನಾಳದೊಳಗೆ ಹೋಗುತ್ತದೆ. ಕೆಲವನ್ನು ಗುಳಿಗೆಯಾಗಿಯೂ ಕೊಡುತ್ತಾರೆ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಅದು ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುವಂಥವು. ಆದರೆ ಕೂದಲಿನ ಬೇರು, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ ಇವೂ ಬೇಗ ಬೆಳೆಯುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣು, ಭೇದಿ, ರಕ್ತಕಣ ಇಳಿಯುವುದು ಎಲ್ಲಾ ಅದಕ್ಕೇ.

ಒಳ್ಳೆಯ ಕೋಶಗಳು ಚೇತರಿಸಿಕೊಳ್ಳಲಿ ಅಂತ ನಡುವೆ ಬಿಡುವು ಇರುತ್ತದೆ. ಔಷಧ ಹಾಕುವುದು, ಆಮೇಲಿನ ಬಿಡುವು ಎರಡೂ ಸೇರಿ ಒಂದು ಸುತ್ತು, ಅದಕ್ಕೆ ಸೈಕಲ್ ಅನ್ನುತ್ತಾರೆ. ಎಷ್ಟೋ ಔಷಧಗಳಿಗೆ 21 ದಿನಕ್ಕೊಂದು ಸೈಕಲ್. ಕೆಲವಕ್ಕೆ 14 ದಿನ, ಕೆಲವಕ್ಕೆ ವಾರ. ಪ್ರತಿ ಸೈಕಲ್ಲಿಗೆ ಮುಂಚೆ ರಕ್ತ ಪರೀಕ್ಷೆ ಮಾಡುತ್ತಾರೆ. ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ ಕಮ್ಮಿ ಇದ್ದರೆ ಕಿಮೋ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಗಾಬರಿ ಬೇಡ, ಬಹಳ ಜನಕ್ಕೆ ಹಾಗಾಗುತ್ತದೆ. ನೀವಾಗಿ ಮುಂದಕ್ಕೆ ಹಾಕುವುದು ಮಾತ್ರ ಬೇರೆ ವಿಷಯ. ಮದುವೆ ಇದೆ, ಶರಣಬಸವೇಶ್ವರ ಜಾತ್ರೆ ಇದೆ, ತೊಗರಿ ರಾಶಿ ಇದೆ ಅಂತ ಕೇಳದೆ ತಪ್ಪಿಸಬೇಡಿ. ಮೊದಲೇ ಹೇಳಿದರೆ ಡಾಕ್ಟರೇ ಒಂದೆರಡು ದಿನ ಆಚೀಚೆ ಮಾಡಿಕೊಡಬಹುದು.

ಕಲಬುರಗಿಯಲ್ಲೇ ಆಗುತ್ತದಾ? ಹೈದರಾಬಾದಿಗೋ ಬೆಂಗಳೂರಿಗೋ ಹೋಗಲೇಬೇಕಾ?

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲೇ ಇದೆ. ಖಾಸಗಿ ದವಾಖಾನೆಗಳಲ್ಲೂ ಕಿಮೋ ಕೊಡುತ್ತಾರೆ. ಬೀದರದವರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಅವರಿಗೆ ಅದು ಓಡಾಡಿ ರೂಢಿಯಾದ ಊರು. ಅಲ್ಲಿ ಸರ್ಕಾರಿ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಇದೆ, ಬಸವತಾರಕಂ ಆಸ್ಪತ್ರೆ ಇದೆ. ಆಳಂದ, ಅಫಜಲಪುರದ ಕಡೆಯವರು ಸೊಲ್ಲಾಪುರಕ್ಕೆ ಹೋಗುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಊರಿನ ಡಾಕ್ಟರಿಗೆ ಒಮ್ಮೆ ತೋರಿಸಿ, ಯಾವ ಔಷಧ, ಎಷ್ಟು ಸೈಕಲ್ ಅನ್ನುವುದನ್ನು ಬರೆಸಿಕೊಂಡು ಬನ್ನಿ. ಅದನ್ನೇ ಹತ್ತಿರದಲ್ಲಿ ಹಾಕಿಸಲು ಬರುತ್ತದಾ ಎಂದು ಎರಡೂ ಕಡೆ ಕೇಳಿ. ಬಂದರೆ ಹತ್ತಿರದಲ್ಲೇ ಹಾಕಿಸಿ. ಕಿಮೋ ಹಾಕಿಸಿಕೊಂಡು ಹೊಟ್ಟೆ ತೊಳಸುತ್ತಿರುವವರನ್ನು ಐದಾರು ತಾಸು ಬಸ್ಸಿನಲ್ಲಿ ಕೂರಿಸುವುದು ಸಣ್ಣ ಹಿಂಸೆಯಲ್ಲ. ಅದಕ್ಕಿಂತ ಮುಖ್ಯವಾದದ್ದು ರಾತ್ರಿ ಬರುವ ಜ್ವರ. ಆಗ ಬೇಕಾಗುವುದು ಅರ್ಧ ತಾಸಿನಲ್ಲಿ ಮುಟ್ಟುವ ದವಾಖಾನೆ.

ದೂರದಲ್ಲೇ ಹಾಕಿಸುವುದಾದರೆ ಒಂದು ಕೆಲಸ ಮಾಡಿ. ನಡುವೆ ಎಮರ್ಜೆನ್ಸಿ ಬಂದರೆ ನಮ್ಮೂರಲ್ಲಿ ಎಲ್ಲಿಗೆ ಹೋಗಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಕಲಬುರಗಿಯ ಜಿಮ್ಸ್ ಇಂಥ ಸರ್ಕಾರಿ ದವಾಖಾನೆ ಯಾವುದಾದರೂ ಆಗಲಿ. ಹೋಗುವಾಗ ಕಿಮೋ ಔಷಧದ ಹೆಸರು ಬರೆದ ಚೀಟಿ ಕೈಯಲ್ಲಿರಬೇಕು.

ಖರ್ಚಿಗೆ ಏನು ದಾರಿ?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ) 30%, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ದವಾಖಾನೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಚಿಕಿತ್ಸೆ ಶುರುವಾಗುವ ಮುಂಚೆಯೇ ಆರೋಗ್ಯಮಿತ್ರರನ್ನು, ಅಂದರೆ ದವಾಖಾನೆಯಲ್ಲಿ ಈ ಯೋಜನೆಯ ಕೆಲಸ ನೋಡುವವರನ್ನು ಹಿಡಿದು ಕೇಳಿ. ಬಿಲ್ ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಈಗಲೇ ತಿದ್ದಿಸಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು ಇರುವುದು ಜಾಸ್ತಿ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರು, ಕರ್ನಾಟಕದ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಹೊರಡುವ ಮುಂಚೆ ವಿಚಾರಿಸಿ.

ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಥರ್ಡ್ ಏಸಿಯಲ್ಲಿ ರೋಗಿಗೆ 100%, ಜೊತೆಗೆ ಹೋಗುವ ಒಬ್ಬರಿಗೆ 75%. ಅದಕ್ಕೊಂದು ಫಾರ್ಮ್ ಇರುತ್ತದೆ. ದವಾಖಾನೆಯಲ್ಲಿ ಸಹಿ, ಸೀಲು ಹಾಕಿಸಿ ರಿಸರ್ವೇಶನ್ ಕೌಂಟರಿನಲ್ಲಿ ಕೊಡಬೇಕು. ಶಕ್ತಿ ಯೋಜನೆಯ ಬಸ್ಸು ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಹೇಗೂ ಇದ್ದೇ ಇದೆ.

ಮೊದಲ ದಿನ ಏನೇನು ಒಯ್ಯಬೇಕು?

ಫೈಲು, ಹಳೆಯ ರಿಪೋರ್ಟು, ಈಗ ತೆಗೆದುಕೊಳ್ಳುವ ಎಲ್ಲಾ ಗುಳಿಗೆಗಳ ಪಟ್ಟಿ (ಬಿಪಿ, ಶುಗರ್ ಸೇರಿ), ನೀರು, ಹೊದಿಯಲು ಶಾಲು, ಸಡಿಲ ತೋಳಿನ ಬಟ್ಟೆ, ಫೋನ್ ಚಾರ್ಜರ್. ಮತ್ತೆ ಒಂದು ನೂರು ಪುಟದ ನೋಟ್‌ಬುಕ್. ಅದರಲ್ಲಿ ಕಿಮೋ ಹಾಕಿದ ತಾರೀಕು, ಔಷಧದ ಹೆಸರು, ಆಮೇಲೆ ದಿನಾ ಟೆಂಪರೇಚರ್, ವಾಂತಿ ಎಷ್ಟು ಸಲ, ಸಂಡಾಸ ಹೇಗಿದೆ, ಏನು ತಿಂದರು ಅನ್ನುವುದನ್ನು ಬರೆಯುತ್ತಾ ಹೋಗಿ. ಡಾಕ್ಟರ್ ಹತ್ತಿರ ಸಿಗುವುದು ಸ್ವಲ್ಪ ಹೊತ್ತು. "ಹೋದ ವಾರ ಸ್ವಲ್ಪ ತ್ರಾಸ ಆಯ್ತು ಸರ್" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಮೂರನೇ ದಿನ ಆರು ಸಲ ವಾಂತಿ ಆಯಿತು, ಗುಳಿಗೆ ಕೊಟ್ಟರೂ ನಿಲ್ಲಲಿಲ್ಲ" ಅಂದರೆ ಮುಂದಿನ ಸಲ ಔಷಧ ಬದಲಿಸುತ್ತಾರೆ.

ಸಲೈನ್ ಹಚ್ಚಿದ ಜಾಗ ಉರಿದರೆ, ಬಾತರೆ, ಮೈ ತುರಿಸಿದರೆ, ಎದೆ ಬಿಗಿದರೆ ಆಗಲೇ ಸಿಸ್ಟರನ್ನು ಕರೆಯಿರಿ. ಕೆಲವು ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮವನ್ನೇ ಸುಡುತ್ತವೆ. ನಮ್ಮ ಹಿರಿಯರು "ಸುಮ್ನೆ ಯಾಕೆ ತೊಂದರೆ ಕೊಡೋದು" ಅಂತ ಹಲ್ಲು ಕಚ್ಚಿ ಕೂರುತ್ತಾರೆ. ಅಂಥ ಕಡೆ ನೀವೇ ಬಾಯಿ ಬಿಡಬೇಕು.

ಮೂತ್ರ ಕೆಂಪಗೆ ಬಂತು. ರಕ್ತನಾ?

ಕೆಂಪು ಬಣ್ಣದ ಔಷಧ, ಅಂದರೆ ಡಾಕ್ಸೊರುಬಿಸಿನ್ ಹಾಕಿದ್ದರೆ ಒಂದೆರಡು ದಿನ ಹಾಗೆ ಬರುತ್ತದೆ. ಅದು ಔಷಧದ ಬಣ್ಣ. ಆಮೇಲೂ ನಿಲ್ಲದಿದ್ದರೆ, ಉರಿ ಇದ್ದರೆ ಹೇಳಿ.

ಜ್ವರ ಬಂದರೆ ಏನು ಮಾಡಬೇಕು?

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್. ಈ ಅಂಕಿಯನ್ನು ಗೋಡೆಗೆ ಬರೆದು ಅಂಟಿಸಿ. ಅಷ್ಟು ತೋರಿಸಿದರೆ ರಾತ್ರಿ ಎರಡು ಗಂಟೆಯಾಗಿರಲಿ, ಭಾನುವಾರವಿರಲಿ, ದವಾಖಾನೆಗೆ ಫೋನ್ ಮಾಡಿ ಹೊರಡಬೇಕು. "ಬೆಳಿಗ್ಗೆ ನೋಡೋಣ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಯಾಕೆ ಇಷ್ಟು ಅವಸರ? ಕಿಮೋ ಆದ ಮೇಲೆ ಬಿಳಿ ರಕ್ತಕಣ ಇಳಿಯುತ್ತವೆ. ಹೆಚ್ಚಿನ ಔಷಧಗಳಲ್ಲಿ 7ರಿಂದ 14ನೇ ದಿನದ ನಡುವೆ ತೀರಾ ಕೆಳಗೆ ಹೋಗುತ್ತವೆ. ಸೋಂಕಿನ ಜೊತೆ ಹೋರಾಡುವ ಕಣಗಳೇ ಇಲ್ಲದಾಗ ಸೋಂಕು ಕೆಲವೇ ತಾಸಿನಲ್ಲಿ ರಕ್ತಕ್ಕೆ ಹರಡಬಹುದು. ಕೆಮ್ಮಿಲ್ಲ, ಗಾಯವಿಲ್ಲ, ಕೀವಿಲ್ಲ, ಜ್ವರವೊಂದೇ ಇರುತ್ತದೆ. ಇದಕ್ಕೆ ನ್ಯೂಟ್ರೊಪೆನಿಯಾ ಜ್ವರ ಅನ್ನುತ್ತಾರೆ. ದವಾಖಾನೆ ಮುಟ್ಟಿದ ಒಂದು ತಾಸಿನೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಶುರುವಾಗಬೇಕು ಅನ್ನುವುದು ವೈದ್ಯರ ನಿಯಮ. ಎಮರ್ಜೆನ್ಸಿಯಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತು ಕಾಯಬೇಡಿ. "ಇವರಿಗೆ ಕಿಮೋ ಆಗಿ ಇಷ್ಟು ದಿನ ಆಯಿತು, ಜ್ವರ ಬಂದಿದೆ" ಎಂದು ಮೊದಲ ಮಾತಿಗೇ ಗಟ್ಟಿಯಾಗಿ ಹೇಳಿ. ಅಲ್ಲಿದ್ದ ಹೊಸ ಡಾಕ್ಟರಿಗೆ ತಲೆಗೆ ಕಟ್ಟಿದ ಸ್ಕಾರ್ಫ್ ನೋಡಿ ಎಲ್ಲಾ ಹೊಳೆಯುತ್ತದೆ ಅಂದುಕೊಳ್ಳಬೇಡಿ.

ಫೋನ್ ಮಾಡುವ ಮುಂಚೆ ಡೋಲೋ, ಕ್ರೋಸಿನ್ ಕೊಡಬೇಡಿ. ಗುಳಿಗೆಗೆ ಜ್ವರ ಇಳಿಯುತ್ತದೆ, ಸೋಂಕು ಹಾಗೇ ಇರುತ್ತದೆ. ದವಾಖಾನೆಯಲ್ಲಿ ನೋಡಿದರೆ ಟೆಂಪರೇಚರ್ ನಾರ್ಮಲ್, ಮನೆಗೆ ಕಳಿಸಿಬಿಡುವ ಸಂಭವವೂ ಇದೆ. ಹಣೆ ಮುಟ್ಟಿ ನೋಡುವುದೂ ಸಾಲದು. ಮೇ ತಿಂಗಳ ಕಲಬುರಗಿಯಲ್ಲಿ ಯಾರ ಹಣೆ ತಣ್ಣಗಿರುತ್ತದೆ? ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ, ಒಂದು ಹೆಚ್ಚಿಗೆ ಇರಲಿ. ಬಿಸಿ ಚಹಾ ಕುಡಿದ ಕೂಡಲೇ, ಬಿಸಿಲಿನಿಂದ ಬಂದ ಕೂಡಲೇ ಬಾಯಲ್ಲಿಟ್ಟು ನೋಡಬೇಡಿ, ಸ್ವಲ್ಪ ಹೊತ್ತು ತಡೆಯಿರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದು ಬೇಡವೇ ಬೇಡ.

ಜ್ವರ ಇಲ್ಲದೆಯೂ ಓಡಬೇಕಾದ ಲಕ್ಷಣಗಳಿವೆ. ಮೈ ನಡುಗುವ ಚಳಿ, ಉಸಿರಾಟದ ತೊಂದರೆ, ನಿಲ್ಲದ ರಕ್ತ, ಚರ್ಮದ ಮೇಲೆ ಏಕಾಏಕಿ ಸಣ್ಣ ಕೆಂಪು ಚುಕ್ಕೆಗಳು, ಮಾತು ತಡವರಿಸುವುದು, ಒಂದು ಇಡೀ ದಿನ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು. ಗಾಡಿ ಇಲ್ಲದಿದ್ದರೆ 108.

ವಾಂತಿ ಆದ ಮೇಲೆ ಗುಳಿಗೆ ಕೊಡಬೇಕಾ, ಮೊದಲೇ ಕೊಡಬೇಕಾ?

ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ. ವಾಂತಿ ಶುರುವಾಗದಿದ್ದರೂ ಕೊಡಿ. ಒಮ್ಮೆ ಶುರುವಾದ ವಾಂತಿಯನ್ನು ನಿಲ್ಲಿಸುವುದು ಕಷ್ಟ. "ಇವತ್ತು ಆರಾಮಿದೆ, ಬೇಡ ಬಿಡು" ಅಂತ ಅವರು ಅಂದಾಗ ಗುಳಿಗೆ ತಪ್ಪುತ್ತದೆ, ಎರಡನೇ ಮೂರನೇ ದಿನಕ್ಕೆ ವಾಂತಿ ಹಿಡಿಯುತ್ತದೆ. ಕಿಮೋದ ವಾಂತಿ ಅದೇ ದಿನವೇ ಬರಬೇಕೆಂದಿಲ್ಲ. ಕೆಲವು ಔಷಧದಲ್ಲಿ ನಾಲ್ಕೈದು ದಿನ ಕಾಡುತ್ತದೆ.

ವಾಸನೆಯೇ ದೊಡ್ಡ ಶತ್ರು. ಬೆಳ್ಳುಳ್ಳಿ ಒಗ್ಗರಣೆ, ಮಾಂಸದ ಸಾರು, ಅಗರಬತ್ತಿ, ಸೆಂಟು, ಕೆಲವರಿಗೆ ಫಿನಾಯಿಲ್ ಕೂಡ. ಅವರು ಮಲಗುವ ಕೋಣೆಯಿಂದ ದೂರದಲ್ಲಿ ಅಡುಗೆ ಮಾಡಿ. ಹಿತ್ತಿಲ ಒಲೆ ಇದ್ದರೆ ಇನ್ನೂ ಒಳ್ಳೆಯದು. ಆರಿದ ಊಟಕ್ಕೆ ವಾಸನೆ ಕಮ್ಮಿ, ಅದು ಅವರಿಗೆ ಸೇರುತ್ತದೆ. ದವಾಖಾನೆಯ ಗೇಟು ಕಂಡ ಕೂಡಲೇ ಹೊಟ್ಟೆ ತೊಳಸುವವರೂ ಇದ್ದಾರೆ. ಅದು ನಾಟಕ ಅಲ್ಲ, ಮನಸ್ಸು ಹಿಂದಿನದನ್ನು ನೆನಪಿಟ್ಟುಕೊಂಡಿರುತ್ತದೆ. ಡಾಕ್ಟರಿಗೆ ಹೇಳಿದರೆ ಹಿಂದಿನ ರಾತ್ರಿಗೇ ಒಂದು ಗುಳಿಗೆ ಕೊಡುತ್ತಾರೆ.

ಏನು ಊಟ ಕೊಡಬೇಕು? ರೊಟ್ಟಿ ತಿನ್ನಬಹುದಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಮನೆಗೆ ಬಂದವರೆಲ್ಲ ಉತ್ತರ ಕೊಡುವ ಪ್ರಶ್ನೆಯೂ ಇದೇ. ಒಬ್ಬರು ಹಾಲು ಬಿಡಿ ಅನ್ನುತ್ತಾರೆ, ಇನ್ನೊಬ್ಬರು ಸಕ್ಕರೆ, ಮತ್ತೊಬ್ಬರು ಉಪ್ಪು. ಎಲ್ಲರ ಮಾತು ಕೇಳಿದರೆ ತಟ್ಟೆಯಲ್ಲಿ ಉಳಿಯುವುದು ಬಿಸಿನೀರು. ಸಿಹಿ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ ಎಂದು ಹೆದರಿ ಊಟವನ್ನೇ ಕಡಿಮೆ ಮಾಡುವವರಿದ್ದಾರೆ. ಕಿಮೋ ಹೊತ್ತಿನಲ್ಲಿ ನಿಜವಾದ ಭಯ ತೂಕ ಇಳಿಯುವುದು. ಶುಗರ್ ಕಾಯಿಲೆ ಇದ್ದವರ ಮಾತು ಬೇರೆ, ಅವರಿಗೆ ಡಾಕ್ಟರ್ ಹೇಳಿದಂತೆ.

ಅವರಿಗೆ ಏನು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ತಾಸಿಗೊಮ್ಮೆ ಕೊಡಿ. ನಮ್ಮ ಅಡುಗೆಯಲ್ಲೇ ಬೇಕಾದಷ್ಟಿದೆ. ತೊಗರಿಬೇಳೆ ಕಟ್ಟು, ಹೆಸರುಬೇಳೆ ಕಿಚಡಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚಿಗೆ ಮಜ್ಜಿಗೆ, ಅಂಬಲಿ, ಸಜ್ಜಕ, ಪೂರ್ತಿ ಬೆಂದ ತತ್ತಿ, ಕಾಯಿಸಿದ ಹಾಲಿನಿಂದ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು. ಬೇಳೆ, ತತ್ತಿ, ಮೊಸರು ದಿನಾ ಇರಲಿ, ಮೈ ಚೇತರಿಸಲು ಪ್ರೋಟೀನ್ ಬೇಕು. ಬಾಯಿ ಹುಣ್ಣು ಇಲ್ಲದಿದ್ದರೆ ಬಿಸಿ ಮೆತ್ತನೆ ರೊಟ್ಟಿ ಧಾರಾಳವಾಗಿ ತಿನ್ನಲಿ. ಹುಣ್ಣು ಇದ್ದರೆ ಖಡಕ್ ರೊಟ್ಟಿ ಚುಚ್ಚುತ್ತದೆ. ಅದನ್ನು ಹಾಲಿನಲ್ಲೋ ಬೇಳೆ ಸಾರಿನಲ್ಲೋ ನೆನೆಸಿ ಕೊಡಿ. ಶೇಂಗಾ ಹಿಂಡಿ ಬೇಕೇ ಬೇಕು ಅಂದರೆ ಖಾರ ಬಿಟ್ಟು ಕುಟ್ಟಿ. ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ ಅನ್ನುವವರಿಗೆ ಹುಳಿ ಹಿಡಿಸುತ್ತದೆ. ಪುಂಡಿಪಲ್ಯ ಒಂದು ತುತ್ತು, ಇಲ್ಲಾ ಲಿಂಬೆ ಪಾನಕ. ಸ್ಟೀಲಿನ ಚಮಚದ ಬದಲು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ.

ಬೇಡವಾದದ್ದು: ಬೀದಿಯಲ್ಲಿ ಕತ್ತರಿಸಿಟ್ಟ ಕಲ್ಲಂಗಡಿ, ಕಬ್ಬಿನ ಹಾಲು, ಹೊರಗಿನ ಐಸು, ಪಾನಿಪುರಿ, ಕಾಯಿಸದ ಹಾಲು, ಹಸಿ ಮೊಳಕೆಕಾಳು, ಅರೆಬೆಂದ ಮಾಂಸ, ನಿನ್ನೆಯ ಸಾರು. ಹಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು ಕೊಡಿ. ಚಕ್ಕೋತವನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ, ಅದರ ಜಾತಿಯ ಹಣ್ಣುಗಳು ಕೆಲವು ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತವೆ. ನೀರು ಕಾಯಿಸಿ ಆರಿಸಿದ್ದು.

ಶ್ರಾವಣ ಸೋಮವಾರದ ಉಪವಾಸ, ರಂಜಾನಿನ ರೋಜಾ? ಕಾಯಿಲೆ ಇದ್ದವರಿಗೆ ಎರಡೂ ಕಡೆ ವಿನಾಯಿತಿ ಇದೆ. ಮನೆಯ ಹಿರಿಯರಿಂದ ಆ ಮಾತು ಹೇಳಿಸಿದರೆ ಅವರ ಮನಸ್ಸಿಗೂ ಸಮಾಧಾನ.

ಒಂದು ಮಾತು. ತಟ್ಟೆ ಹಾಗೇ ವಾಪಸ್ ಬಂದಾಗ ಮುಖ ಸಣ್ಣ ಮಾಡಬೇಡಿ. ಊಟ ಸೇರದಿದ್ದದ್ದು ನಿಮ್ಮ ಅಡುಗೆಯ ಮೇಲಿನ ಸಿಟ್ಟಲ್ಲ. ಕಷ್ಟಪಟ್ಟು ಮಾಡಿ ತಂದ ಗಂಡಸರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಬಾಯಿ ಹುಣ್ಣಿಗೆ?

ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಲಿ. ಮೆತ್ತನೆ ಬ್ರಷ್ ಬಳಸಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್, ಬೇವಿನಕಡ್ಡಿ, ತಂಬಾಕು, ಎಲೆ ಅಡಿಕೆ ಬೇಡ. ನಾಲಿಗೆ ಮೇಲೆ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧ. ನೀರು ನುಂಗಲೂ ಆಗದಿದ್ದರೆ ಕಾಯಬೇಡಿ.

ಸಂಡಾಸದ ತೊಂದರೆ?

ಎರಡೂ ಆಗುತ್ತದೆ. ಕಟ್ಟಿಕೊಳ್ಳುವುದು ಹೆಚ್ಚಾಗಿ ವಾಂತಿ ನಿಲ್ಲಿಸುವ ಒಂಡಾನ್‌ಸೆಟ್ರಾನ್ ಗುಳಿಗೆಯಿಂದ. ಬಿಸಿನೀರು, ಪಪ್ಪಾಯಿ ಹಣ್ಣು, ಸ್ವಲ್ಪ ನಡಿಗೆ, ಡಾಕ್ಟರ್ ಕೊಟ್ಟ ಸಿರಪ್. ಎನಿಮಾ ನೀವಾಗಿ ಕೊಡಬೇಡಿ. ಭೇದಿ ಆದರೆ ಓಆರ್‌ಎಸ್ ಶುರುಮಾಡಿ, ನಿಲ್ಲಿಸುವ ಗುಳಿಗೆಯನ್ನು ಕೇಳಿ ಕೊಡಿ. ದಿನಕ್ಕೆ ನಾಲ್ಕೈದು ಸಲಕ್ಕಿಂತ ಜಾಸ್ತಿಯಾದರೆ, ರಕ್ತ ಕಂಡರೆ ಫೋನ್ ಮಾಡಿ.

ಕೈಕಾಲು ಜುಮುಜುಮು ಅನ್ನುತ್ತದೆ, ತಣ್ಣೀರು ಮುಟ್ಟಿದರೆ ಶಾಕ್ ಹೊಡೆದಂತೆ ಆಗುತ್ತದೆ ಅನ್ನುತ್ತಾರೆ.

ಆಕ್ಸಾಲಿಪ್ಲಾಟಿನ್ ಎಂಬ ಔಷಧದ ಗುಣ ಅದು. ಕರುಳಿನ ಕ್ಯಾನ್ಸರಿಗೆ ಜಾಸ್ತಿ ಕೊಡುತ್ತಾರೆ. ಹಾಕಿದ ಮೇಲೆ ಕೆಲವು ದಿನ ಫ್ರಿಜ್ ನೀರು ಹಾಗಿರಲಿ, ಮಣ್ಣಿನ ಕೊಡದ ನೀರೂ ಗಂಟಲು ಹಿಡಿದಂತೆ ಮಾಡಬಹುದು. ಉಗುರುಬೆಚ್ಚಗಿನ ನೀರು ಕೊಡಿ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ನಿಮ್ಮ ಪಾಲಿಗೆ. ಪ್ಯಾಕ್ಲಿಟಾಕ್ಸೆಲ್ ಹಾಕಿದವರಿಗೂ ಬೆರಳು, ಪಾದ ಮರಗಟ್ಟುತ್ತದೆ. ಬರಿಗಾಲಲ್ಲಿ ಓಡಾಡದಿರಲಿ. ಬಿಸಿ ಶಹಾಬಾದ್ ಕಲ್ಲಿನ ಅಂಗಳದಲ್ಲಿ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ಗುಂಡಿ ಹಾಕಲು ಆಗುತ್ತಿಲ್ಲ, ಲೋಟ ಕೈಜಾರುತ್ತದೆ ಅನ್ನುವ ಮಟ್ಟಕ್ಕೆ ಬಂದರೆ ಮುಂದಿನ ಸೈಕಲ್ಲಿಗೆ ಮುಂಚೆ ಡಾಕ್ಟರಿಗೆ ತಿಳಿಸಲೇಬೇಕು.

ನಮ್ಮ ಬಿಸಿಲಲ್ಲಿ ಹೇಗೆ ಸಂಭಾಳಿಸುವುದು?

ಬೇಸಿಗೆಯಲ್ಲಿ ಕಿಮೋ ಬಿದ್ದರೆ ಕಷ್ಟ ದುಪ್ಪಟ್ಟು. ಇಲ್ಲಿ 42, 43 ಡಿಗ್ರಿ ಹೊಸದಲ್ಲ. ವಾಂತಿ, ಭೇದಿ ಜೊತೆ ಬೆವರೂ ಸೇರಿದರೆ ಮೈಯಲ್ಲಿ ನೀರು ಬತ್ತುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಕೂಲರ್ ಇದ್ದರೆ ಅದರ ನೀರು ದಿನಾ ಬದಲಿಸಿ, ಹುಲ್ಲು ಹಳೆಯದಾಗಿದ್ದರೆ ತೆಗೆಸಿ. ಕೆಲವು ಔಷಧಗಳಲ್ಲಿ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಸುಡುತ್ತದೆ.

ಬಿಳಿಕಣ ಏರಿಸುವ ಇಂಜೆಕ್ಷನ್ ಮನೆಗೆ ಕೊಟ್ಟರೆ ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ದವಾಖಾನೆಯಿಂದ ಊರಿಗೆ ಒಯ್ಯುವಾಗ ಐಸ್‌ಪ್ಯಾಕ್ ಹಾಕಿದ ಡಬ್ಬಿ ಬೇಕು. ಊರಲ್ಲಿ ಕರೆಂಟ್ ನಂಬುವಂತಿಲ್ಲದಿದ್ದರೆ ಮೆಡಿಕಲ್ ಶಾಪಿನವರ ಫ್ರಿಜ್‌ನಲ್ಲೇ ಇಡಿಸಿ. ಸಾಮಾನ್ಯವಾಗಿ ಕಿಮೋ ಮುಗಿದು 24 ತಾಸು ಆದ ಮೇಲೆ ಅದನ್ನು ಕೊಡುತ್ತಾರೆ. ಆಮೇಲೆ ಸೊಂಟ, ಕಾಲಿನ ಮೂಳೆ ನೋಯುತ್ತವೆ. ನೋವಿನ ಗುಳಿಗೆ ಯಾವುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಕೂದಲು ಹೋದಾಗ ಏನು ಹೇಳಲಿ?

ಎಲ್ಲಾ ಕಿಮೋದಲ್ಲೂ ಹೋಗುವುದಿಲ್ಲ. ಹೋಗುವಂಥದ್ದಾದರೆ ಮೊದಲ ಸೈಕಲ್ ಆಗಿ ಎರಡು ಮೂರು ವಾರಕ್ಕೆ ಶುರುವಾಗುತ್ತದೆ. ತಲೆದಿಂಬಿನ ತುಂಬ ಕೂದಲು ನೋಡುವುದಕ್ಕಿಂತ ಮೊದಲೇ ಗಿಡ್ಡ ಮಾಡಿಸಿಕೊಳ್ಳುವುದು ಹಗುರ ಅನ್ನುವವರು ಇದ್ದಾರೆ. ಕೊನೆಯವರೆಗೂ ಇರಲಿ ಅನ್ನುವವರೂ ಇದ್ದಾರೆ. ಅವರ ತಲೆ, ಅವರೇ ತೀರ್ಮಾನಿಸಲಿ.

ನಮ್ಮ ಕಡೆ ಹೆಣ್ಣುಮಕ್ಕಳ ತಲೆ ಬೋಳಾದರೆ ಜನ ಕೆಟ್ಟ ಶಕುನದ ಮಾತಾಡುತ್ತಾರೆ. ಸೆರಗು ಹೊದ್ದು, ಸ್ಕಾರ್ಫ್ ಕಟ್ಟಿಕೊಂಡು ಓಡಾಡಬಹುದು. ವಿಗ್ ಬೇಸಿಗೆಯಲ್ಲಿ ಸೆಕೆ ಕೊಡುತ್ತದೆ, ಮದುವೆ ಮುಂಜಿಗಷ್ಟೇ ಸರಿ. "ಕೂದಲೇನು ಮತ್ತೆ ಬರ್ತಾವ ಬಿಡು" ಅಂತ ಗಂಡ ಅಂದಾಗ ಅದು ನಿಜವೇ. ಚಿಕಿತ್ಸೆ ಮುಗಿದು ಕೆಲವು ತಿಂಗಳಲ್ಲಿ ಬರುತ್ತದೆ, ಮೊದಮೊದಲು ಗುಂಗುರಾಗಿಯೋ ಬೇರೆ ಬಣ್ಣಕ್ಕೋ ಬರಬಹುದು. ಆದರೆ ಆಕೆ ಅಳುತ್ತಿರುವ ಹೊತ್ತಿಗೆ ಆ ಮಾತು ಬೇಡ. ಪಕ್ಕದಲ್ಲಿ ಕೂತು ಉದುರಿದ್ದನ್ನು ಗುಡಿಸಿ ತೆಗೆಯಿರಿ, ಅಷ್ಟು ಸಾಕು.

ಕಾಯಿಲೆಯ ಹೆಸರನ್ನು ಅವರಿಗೆ ಹೇಳಬೇಕಾ? ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ.

ಈ ಪ್ರಶ್ನೆ ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ. "ಗಡ್ಡೆ ಅಂತ ಹೇಳಿದ್ದೇವೆ, ಕ್ಯಾನ್ಸರ್ ಅಂದಿಲ್ಲ. ತಡಕೊಳ್ಳೋದಿಲ್ಲ ರೀ." ಕಿಮೋ ವಾರ್ಡಿನಲ್ಲಿ ಹತ್ತು ಜನ ಕೂತಿರುತ್ತಾರೆ, ಬೋರ್ಡು ಇರುತ್ತದೆ, ಫೈಲಿನ ಮೇಲೆ ಬರೆದಿರುತ್ತದೆ. ಮೊದಲ ದಿನವೇ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಅವರೂ ಗೊತ್ತಿಲ್ಲದಂತೆ ಇರುತ್ತಾರೆ. ಒಂದೇ ಕೋಣೆಯಲ್ಲಿ ಇಬ್ಬರೂ ನಟಿಸುತ್ತಾ ಮಲಗುತ್ತೀರಿ.

ನನ್ನ ಪ್ರಕಾರ ಹೇಳಬೇಕು. ಬರೀ ಪ್ರಾಮಾಣಿಕತೆಯ ಮಾತಲ್ಲ ಇದು. ತಮಗೇನಾಗಿದೆ ಎಂದು ಗೊತ್ತಿಲ್ಲದವರು ಜ್ವರ ಬಂದರೆ ಮುಚ್ಚಿಡುತ್ತಾರೆ, ಎರಡನೇ ಸೈಕಲ್ಲಿಗೆ "ಇನ್ನು ಸಾಕು, ಗಡ್ಡೆ ಕರಗಿತಲ್ಲ" ಅನ್ನುತ್ತಾರೆ. ಎಲ್ಲವನ್ನೂ ಒಂದೇ ದಿನ ಸುರಿಯಬೇಕಿಲ್ಲ. "ಡಾಕ್ಟರ್ ಏನಂದ್ರು ಅಂತ ನಿನಗೆ ಎಷ್ಟು ಗೊತ್ತು? ಇನ್ನೂ ಏನು ತಿಳ್ಕೋಬೇಕು ಅನ್ಸುತ್ತೆ?" ಎಂದು ಕೇಳಿ ನೋಡಿ. ಕೇಳಿದಷ್ಟಕ್ಕೆ ನಿಜ ಹೇಳಿ. ನಿಮಗೆ ಬಾಯಿ ಬರದಿದ್ದರೆ ಡಾಕ್ಟರೇ ಹೇಳಲಿ, ನೀವು ಪಕ್ಕದಲ್ಲಿರಿ. ವಿವರ ಬೇಡ ಎಂದು ಅವರೇ ಅಂದರೆ ಅದನ್ನೂ ಒಪ್ಪಿಕೊಳ್ಳಿ.

ಕ್ಯಾನ್ಸರ್ ಅಂಟುತ್ತದಾ? ಮಕ್ಕಳನ್ನು ದೂರ ಇಡಬೇಕಾ?

ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಿ, ಪಕ್ಕದಲ್ಲಿ ಮಲಗಿ, ಮಕ್ಕಳು ಅಪ್ಪಿಕೊಳ್ಳಲಿ. ಅಪಾಯ ಇರುವುದು ಉಲ್ಟಾ ದಿಕ್ಕಿನಲ್ಲಿ. ನೆಗಡಿ, ಜ್ವರ, ಸಿಡುಬಿನಂಥ ಗುಳ್ಳೆ ಇರುವ ಮಗು ಅವರ ಹತ್ತಿರ ಬರಬಾರದು.

ಔಷಧ ಮಾತ್ರ ಸುಮಾರು 48 ತಾಸು ಮೂತ್ರ, ಮಲ, ವಾಂತಿಯಲ್ಲಿ ಹೊರಬರುತ್ತದೆ. ಆ ಎರಡು ದಿನ ಸಂಡಾಸಕ್ಕೆ ಎರಡೆರಡು ಸಲ ನೀರು ಸುರಿಯಿರಿ, ವಾಂತಿ ಬಳಿಯುವಾಗ ಕೈಗೆ ಗ್ಲೌಸ್ ಹಾಕಿ, ಆ ಬಟ್ಟೆಗಳನ್ನು ಬೇರೆ ಒಗೆಯಿರಿ. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಆಕೆಗೆ ಬೇಡ.

ಗಂಡ-ಹೆಂಡತಿ ಕೂಡಬಹುದಾ?

ಡಾಕ್ಟರ್ ಬೇಡ ಅಂದಿಲ್ಲದಿದ್ದರೆ, ಇಬ್ಬರಿಗೂ ಮನಸ್ಸಿದ್ದರೆ, ಮೈಗೆ ತ್ರಾಣ ಇದ್ದರೆ ಆಗಬಹುದು. ಕಾಂಡೋಮ್ ಕಡ್ಡಾಯ. ಕಿಮೋ ನಡೆದಾಗ ಗರ್ಭ ನಿಲ್ಲಬಾರದು, ಮುಟ್ಟು ನಿಂತಿದ್ದರೂ ನಂಬಬೇಡಿ. ಕೌಂಟ್ ತೀರಾ ಕಮ್ಮಿ ಇರುವ ದಿನಗಳಲ್ಲಿ ಬೇಡ. ಎಷ್ಟೋ ತಿಂಗಳು ಮನಸ್ಸೇ ಬರದಿರುವುದೂ ಸಹಜ. ಮುಂದೆ ಮಕ್ಕಳು ಬೇಕು ಅನ್ನುವ ಜೋಡಿಗಳು ಮೊದಲ ಕಿಮೋಗೆ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ. ವೀರ್ಯ, ಅಂಡಾಣು ತೆಗೆದಿಡುವ ವ್ಯವಸ್ಥೆ ಇದೆ. ಶುರುವಾದ ಮೇಲೆ ತಡವಾಗುತ್ತದೆ.

ನೋಡಲು ಬರುವವರನ್ನು ಹೇಗೆ ತಡೆಯುವುದು?

ನಮ್ಮ ಕಡೆ ಯಾರಾದರೂ ಮಲಗಿದ್ದಾರೆ ಅಂದರೆ ಊರೇ ಬರುತ್ತದೆ. ಪ್ರೀತಿಯಿಂದಲೇ ಬರುತ್ತಾರೆ. ಬಂದು ಮಂಚದ ಪಕ್ಕ ಕೂತು, "ನಮ್ಮ ಓಣಿಯಲ್ಲಿ ಒಬ್ಬರಿಗೆ ಹಿಂಗೇ ಆಗಿತ್ತು, ಪಾಪ ಹೋದ್ರು" ಅನ್ನುತ್ತಾರೆ. ತಡೆಯುವ ಕೆಲಸ ನಿಮ್ಮದೇ, ಕಾಯಿಲೆಯವರಿಂದ ಆಗುವುದಿಲ್ಲ. "ಡಾಕ್ಟರ್ ಹತ್ತು ದಿನ ಯಾರನ್ನೂ ಬಿಡಬೇಡಿ ಅಂದಿದ್ದಾರೆ" ಅನ್ನಿ. ನಿಮ್ಮ ಮೇಲೆ ಸಿಟ್ಟಾಗುವವರು ಡಾಕ್ಟರ್ ಮೇಲೆ ಆಗುವುದಿಲ್ಲ. ಬಂದೇ ಬಂದರೆ ಅಂಗಳದಲ್ಲಿ ಕೂರಿಸಿ ಚಹಾ ಕೊಟ್ಟು ಕಳಿಸಿ. ಏನು ಸಹಾಯ ಬೇಕು ಎಂದು ಕೇಳುವ ಕಾಕಾ, ವೈನಿಯರಿಗೆ ನೇರವಾಗಿ ಕೆಲಸ ಹೇಳಿ. ಮಕ್ಕಳನ್ನು ಸಾಲಿಗೆ ಬಿಡುವುದು, ಮಧ್ಯಾಹ್ನದ ಬುತ್ತಿ, ರಕ್ತ ಕೊಡಲು ಇಬ್ಬರನ್ನು ಹುಡುಕಿಡುವುದು. ಹೇಳಿದರೆ ಖುಷಿಯಿಂದ ಮಾಡುತ್ತಾರೆ.

ನಾಟಿ ಔಷಧ ಜೊತೆಗೆ ಕೊಡಬಹುದಾ?

ಕಿಮೋ ನಡೆದಾಗ ಬೇಡ. ಬೇರು, ಭಸ್ಮ, ಕಷಾಯ, ಆನ್‌ಲೈನ್ ಪುಡಿಗಳಲ್ಲಿ ಏನಿದೆ ಎಂದು ಮಾರುವವರಿಗೇ ಗೊತ್ತಿರುವುದಿಲ್ಲ. ಕಿಮೋ ಔಷಧವನ್ನು ಹೊರಹಾಕುವುದು ಲಿವರ್, ಕಿಡ್ನಿ. ಅವಕ್ಕೆ ಇನ್ನೊಂದು ಹೊರೆ ಹೊರಿಸಬೇಡಿ. ಅಡುಗೆಯ ಅರಿಶಿನ, ಶುಂಠಿ ಬೇರೆ, ಕ್ಯಾಪ್ಸೂಲ್ ಬೇರೆ. ಮನೆಯವರ ಒತ್ತಾಯಕ್ಕೆ ಈಗಾಗಲೇ ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಗಾಣಗಾಪುರಕ್ಕೆ, ಬಂದೇನವಾಜ್ ದರ್ಗಾಕ್ಕೆ ಹರಕೆ ಹೊತ್ತುಕೊಳ್ಳಿ, ಯಾರದೂ ಅಡ್ಡಿಯಿಲ್ಲ. ಕೌಂಟ್ ಇಳಿದ ವಾರ ಗದ್ದಲದಲ್ಲಿ ಅವರನ್ನು ಕರೆದೊಯ್ಯಬೇಡಿ, ಅಷ್ಟೇ.

ಸಿಟ್ಟು ಜಾಸ್ತಿಯಾಗಿದೆ, ರಾತ್ರಿಯಿಡೀ ನಿದ್ದೆ ಇಲ್ಲ.

ವಾಂತಿಗೂ ಅಲರ್ಜಿಗೂ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹಾಗೆ ಮಾಡುತ್ತದೆ. ಬೆಳಿಗ್ಗೆ ಕೊಟ್ಟರೆ ಆಗುತ್ತದಾ ಎಂದು ಕೇಳಿ. ಅದರಿಂದ ಶುಗರ್ ಕೂಡ ಏರುತ್ತದೆ. ವಾರಗಟ್ಟಲೆ ಮಾತೇ ಆಡದಿದ್ದರೆ, ಬದುಕೇ ಬೇಡ ಅಂದರೆ, ಅದನ್ನು ಕಿಮೋ ತಲೆಗೆ ಕಟ್ಟಿ ಬಿಡಬೇಡಿ. ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನನಗೇ ಸಾಕಾಗಿದೆ. ಹಾಗೆ ಅನ್ನಿಸುವುದು ತಪ್ಪಾ?

ಅಲ್ಲ. ಆ ನಂಬರ್ ನಿಮಗೂ ಇದೆ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಬೇರೆಯವರನ್ನು ಕೂರಿಸಿ ಹೊರಗೆ ಹೋಗಿ. ಕಟಿಂಗ್ ಮಾಡಿಸಿ, ಚಹಾ ಅಂಗಡಿಯಲ್ಲಿ ಕೂತು ಬನ್ನಿ. ನಿಮ್ಮ ಬಿಪಿ ಗುಳಿಗೆ ತಪ್ಪಿಸಬೇಡಿ. ಹೆಂಡತಿ ನೋಡಿಕೊಳ್ಳುವಾಗ ಎಲ್ಲರೂ ಅದು ಆಕೆಯ ಕೆಲಸವೇ ಅಂದುಕೊಳ್ಳುತ್ತಾರೆ, ಗಂಡ ನೋಡಿಕೊಂಡರೆ ಊರೆಲ್ಲ ಹೊಗಳುತ್ತದೆ. ಆ ಹೊಗಳಿಕೆ ನನಗೂ ಸಿಕ್ಕಿದೆ, ಅದು ನ್ಯಾಯ ಅಲ್ಲ. ಗಂಡನಿಗೆ ಕಿಮೋ ಮಾಡಿಸುತ್ತಿರುವ ಹೆಣ್ಣುಮಗಳು ನಿಮ್ಮ ಓಣಿಯಲ್ಲಿದ್ದರೆ, ಇವತ್ತು ರಾತ್ರಿಯ ಅಡುಗೆ ಅವರ ಮನೆಗೂ ಸೇರಿಸಿ ಮಾಡಿ.

ಕೊನೆಯ ಕಿಮೋ ಆಯಿತು. ಇನ್ನೇನು?

ಕೌಂಟ್ ಇಳಿಯುವುದು ಕೊನೆಯ ಸೈಕಲ್ಲಿಗೂ ಅಷ್ಟೇ. ಇನ್ನೂ ಮೂರು ನಾಲ್ಕು ವಾರ ಥರ್ಮಾಮೀಟರ್ ಹತ್ತಿರವೇ ಇರಲಿ. ಔಷಧ ಹಾಕಲು ರಕ್ತನಾಳದೊಳಗೆ ಇಟ್ಟೇ ಬಿಡುವ ನಳಿಕೆ, ಅಂದರೆ ಪೋರ್ಟ್ ಅಥವಾ ಪಿಕ್ ಲೈನ್ ಹಾಕಿದ್ದರೆ ಅದನ್ನು ಯಾವಾಗ ತೆಗೆಯುತ್ತಾರೆ, ಅಲ್ಲಿಯವರೆಗೆ ಕಟ್ಟಿಕೊಳ್ಳದಂತೆ ಎಷ್ಟು ದಿನಕ್ಕೊಮ್ಮೆ ಫ್ಲಶ್ ಮಾಡಿಸಬೇಕು (ತೊಳೆಸಬೇಕು) ಎಂದು ಕೇಳಿ. ಆಯಾಸ ಆರು ತಿಂಗಳು, ವರ್ಷ ಉಳಿಯಬಹುದು. "ಎಲ್ಲಾ ಮುಗೀತಲ್ಲ, ಇನ್ನು ಏಳು" ಅನ್ನಬೇಡಿ. ದಿನಾ ಸಂಜೆ ಸ್ವಲ್ಪ ನಡೆಸಿ. ಮರೆವು, ಹೆಸರು ನೆನಪಾಗದಿರುವುದು ಕೆಲವು ಕಾಲ ಇರುತ್ತದೆ. ಲಸಿಕೆ ಹಾಕಿಸುವ ಮುಂಚೆ, ಹಲ್ಲು ಕೀಳಿಸುವ ಮುಂಚೆ ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಫೈಲನ್ನು ಅಟ್ಟಕ್ಕೆ ಹಾಕಬೇಡಿ. ಚೆಕಪ್ ವರ್ಷಗಟ್ಟಲೆ ನಡೆಯುತ್ತದೆ, ಪ್ರತಿ ಸಲ ಹಳೆಯ ರಿಪೋರ್ಟ್ ಕೇಳುತ್ತಾರೆ. ಎಲ್ಲಾ ಪುಟಗಳ ಫೋಟೋ ತೆಗೆದು ಫೋನಿನಲ್ಲೂ ಇಟ್ಟುಕೊಳ್ಳಿ.